ಪಾಳಿ ಹಚ್ಚೋನೇ ಕೈಕೊಟ್ರೆ: ಲಿನಕ್ಸ್ ಹ್ಯಾಂಗ್ ಆದಾಗ ಪವರ್ ಬಟನ್‌ಗಿಂತ ಮೊದಲು

ಗೋಕಾಕದಿಂದ ಮಾತಾಡ್ತಿದ್ದೀನಿ. ಗೇಮ್ ಸ್ಮೂತ್ ಓಡ್ಲಿ ಅಂತ ಲಿನಕ್ಸ್‌ಗೆ ಹೊಸ ಶೆಡ್ಯೂಲರ್ ಹಾಕಿ, ಸ್ಕ್ರೀನ್ ಹಂಗೇ ನಿಂತು, ಸಿಟ್ಟಿಗೆ ಪವರ್ ಬಟನ್ ಒತ್ತೋರಿಗೆ ಈ ಸಂಚಿಕೆ. ಒತ್ತಿದ್ರೆ ಸೇವ್ ಮಾಡದ ಕೆಲಸ ಹೋದಂಗೇ.

ಕಬ್ಬಿನ ಸೀಸನ್‌ನಲ್ಲಿ ಮೂಡಲಗಿ, ಹುಕ್ಕೇರಿ ಕಡೆ ಫ್ಯಾಕ್ಟರಿ ಯಾರ್ಡ್ ನೋಡಿರ್ತೀರಿ. ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿರ್ತಾವೆ, ಮುಂದಿನ ಪಾಳಿ ಯಾರದು ಅಂತ ಹೇಳೋನು ಒಬ್ಬ. ಅವನು ನಿಮ್ಮ ಗಾಡಿಯನ್ನ ಮರೆತ್ರೆ? ಗಾಡಿಗೆ ಏನೂ ಆಗಿಲ್ಲ, ಆದ್ರೆ ಕಬ್ಬು ಒಣಗಿ ತೂಕ ಇಳಿಯುತ್ತೆ. ಪ್ರೊಸೆಸರ್ ಮುಂದೆ ಪ್ರೋಗ್ರಾಮ್‌ಗಳ ಪಾಳಿ ಹಚ್ಚೋದೇ ಶೆಡ್ಯೂಲರ್ ಕೆಲಸ. ಅದು ಕೆಟ್ರೆ ಮೌಸ್, ಕೀಬೋರ್ಡ್ ನೋಡ್ಕೊಳ್ಳೋ ಪ್ರೋಗ್ರಾಮೂ ಸಾಲಲ್ಲೇ ನಿಲ್ಲುತ್ತೆ. ನಮಗೆ ಕಾಣೋದು ‘ಹ್ಯಾಂಗ್’ ಅಷ್ಟೇ.

2024ರ ನವೆಂಬರ್‌ನಲ್ಲಿ ಬಂದ ಲಿನಕ್ಸ್ 6.12ರಲ್ಲಿ ‘ಸ್ಕೆಡ್ ಎಕ್ಸ್‌ಟ್’ ಅನ್ನೋ ಸೌಲಭ್ಯ ಸೇರಿತು. ಕಂಪ್ಯೂಟರ್ ಓಡ್ತಿರುವಾಗಲೇ ಬೇರೆ ಶೆಡ್ಯೂಲರ್ ಹಾಕಬಹುದು. ಯಾರು ಬೇಕಾದ್ರೂ ಬರೆಯಬಹುದು ಅಂದ್ಮೇಲೆ ತಪ್ಪೂ ಆಗುತ್ತೆ. ಅದಕ್ಕೇ ಕರ್ನಲ್ ಒಬ್ಬ ಕಾವಲುಗಾರನನ್ನ ಇಟ್ಟಿದೆ, ವಾಚ್‌ಡಾಗ್. ಓಡೋಕೆ ರೆಡಿ ಇರೋ ಯಾವುದೇ ಕೆಲಸಕ್ಕೆ 30 ಸೆಕೆಂಡ್ ಆದ್ರೂ ಪಾಳಿ ಸಿಗದಿದ್ರೆ, ಆ ಶೆಡ್ಯೂಲರ್ ಅನ್ನೇ ಹೊರಗೆ ಹಾಕುತ್ತೆ. ಬದಲಾಗೋ ಹೊತ್ತಿನಲ್ಲಿ ಮೊದಲು ಬಂದವರಿಗೆ ಮೊದಲು ಪಾಳಿ. ಆಮೇಲೆ ಲಿನಕ್ಸ್‌ನ ಮಾಮೂಲಿ ಶೆಡ್ಯೂಲರ್ ಬರುತ್ತೆ. ರೀಸ್ಟಾರ್ಟ್ ಬೇಡ, ನಿಮ್ಮ ಫೈಲ್ ತೆರೆದಿದ್ದಂಗೇ ಇರುತ್ತೆ.

ನನಗೆ ಭಾಳ ಹಿಡಿಸಿದ್ದು ಇದು: ಆ ಕಾವಲುಗಾರನೂ ಒಂದು ಕೆಲಸವೇ ಅಲ್ವಾ, ಅವನಿಗೇ ಪಾಳಿ ಸಿಗದಿದ್ರೆ? ಅದನ್ನೂ ಯೋಚಿಸಿದ್ದಾರೆ. ಹಾರ್ಡ್‌ವೇರ್ ಟೈಮರ್ ಪಾಳಿ ಕೇಳೋದಿಲ್ಲ, ಆಗಾಗ ನೇರ ಬಂದು ಪ್ರೊಸೆಸರ್ ಬಾಗಿಲು ಬಡಿಯುತ್ತೆ. ಆ ಹೊತ್ತಿನಲ್ಲೇ ಕರ್ನಲ್, ಕಾವಲುಗಾರ ಎಚ್ಚರ ಇದ್ದಾನಾ ಅಂತಲೂ ನೋಡುತ್ತೆ.

ಹಂಗಾಗಿ ಮೊದಲು ಅರ್ಧ ನಿಮಿಷ ಸುಮ್ನೆ ಕಾಯಿರಿ. ತಡೆಯೋಕಾಗಲ್ಲ ಅಂದ್ರೆ ಆಲ್ಟ್, ಶಿಫ್ಟ್, ಸಿಸ್‌ಆರ್‌ಕ್ಯೂ ಜೊತೆ ಎಸ್ ಒತ್ತಿ. ಸಿಸ್‌ಆರ್‌ಕ್ಯೂ ಅಂದ್ರೆ ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀ. ಶಿಫ್ಟ್ ಮರೀಬೇಡಿ: ದೊಡ್ಡ ಎಸ್ ಹೊಸ ಶೆಡ್ಯೂಲರ್ ತೆಗೆಯುತ್ತೆ, ಸಣ್ಣ ಎಸ್ ಮೆಮೊರಿಯಲ್ಲಿ ಬಾಕಿ ಇರೋ ಡೇಟಾವನ್ನ ಡಿಸ್ಕ್‌ಗೆ ಬರೆಯುತ್ತೆ. ಯಾವುದೂ ಆಗದಿದ್ರೆ ಆಲ್ಟ್, ಸಿಸ್‌ಆರ್‌ಕ್ಯೂ ಹಿಡಿದು ಸಣ್ಣ ಎಸ್, ಯು, ಬಿ ಒಂದೊಂದಾಗಿ ಒತ್ತಿ. ರೀಸ್ಟಾರ್ಟ್ ಆಗುತ್ತೆ, ಡಿಸ್ಕ್‌ಗೆ ಪೆಟ್ಟು ಕಡಿಮೆ.

ಉಬುಂಟುವಿನಂಥ ಕೆಲವು ಲಿನಕ್ಸ್‌ಗಳಲ್ಲಿ ಈ ಕೀಗಳೆಲ್ಲ ಪೂರ್ತಿ ಆನ್ ಇರೋದಿಲ್ಲ. ಹೊಸ ಶೆಡ್ಯೂಲರ್ ಹಾಕೋಕೆ ಮೊದಲೇ ಸೆಟ್ಟಿಂಗ್ ನೋಡಿಕೊಳ್ಳಿ.