ಹೊದಿಕೆಯ ಹೊಣೆ ಮತ್ತು ಕಂಪನಿಯ ಲೆಕ್ಕ

ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಂತಹ ಗ್ರಾಮದ ಅಂಗಡಿಗಳಲ್ಲಿ ಸರವಾಗಿ ತೂಗುವ ಶಾಂಪೂ, ಚಿಪ್ಸ್, ಬಿಸ್ಕತ್ತುಗಳ ಪೊಟ್ಟಣಗಳ ಮೇಲೆ ತಯಾರಿಸಿದವರ ಹೆಸರೂ ವಿಳಾಸವೂ ಸ್ಪಷ್ಟವಾಗಿ ಮುದ್ರಿತವಾಗಿರುತ್ತವೆ. ಆದರೆ ಒಳಗಿನ ಪದಾರ್ಥ ಮುಗಿದು ಬರಿದಾದ ಹೊದಿಕೆಯು ಚರಂಡಿಯನ್ನೋ ಗದ್ದೆಯ ಬದುವನ್ನೋ ಸೇರಿದ ಮೇಲೆ, ಅದರ ಭಾರವನ್ನು ಹೊರತಕ್ಕವರು ಗ್ರಾಮ ಪಂಚಾಯಿತಿಯವರೇ ಎಂಬಂತಹ ಸ್ಥಿತಿಯು ಬಹುಕಾಲ ನಡೆದು ಬಂದಿತು.

2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗ್ರಾಮಗಳನ್ನೂ ತಮ್ಮ ವ್ಯಾಪ್ತಿಗೆ ತಂದುಕೊಂಡು ಪಂಚಾಯಿತಿಗಳಿಗೆ ಕರ್ತವ್ಯವನ್ನು ವಿಧಿಸಿದುದರ ಜೊತೆಗೆ, ಉತ್ಪಾದಕರು, ಆಮದುದಾರರು ಮತ್ತು ಬ್ರ್ಯಾಂಡಿನ ಒಡೆಯರು ತಾವು ಪೇಟೆಗೆ ಬಿಟ್ಟ ಪ್ಲಾಸ್ಟಿಕ್ಕಿಗೆ ತಾವೇ ಉತ್ತರದಾಯಿಗಳೆಂಬ ತತ್ತ್ವವನ್ನೂ ಸ್ಥಾಪಿಸಿದವು. 2022ರ ಫೆಬ್ರವರಿಯ ತಿದ್ದುಪಡಿಯು ಈ ತತ್ತ್ವಕ್ಕೆ ಅಂಕಿಗಳ ರೂಪವನ್ನಿತ್ತಿತು: ಹೊಣೆಯ ಪ್ರಮಾಣವು 2021-22ರಲ್ಲಿ ಶೇ. 25, ಮರುವರ್ಷ ಶೇ. 70, 2023-24ರಿಂದ ಶೇ. 100. ಈ ಲೆಕ್ಕವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರ್ಷಂಪ್ರತಿ ಒಪ್ಪಿಸತಕ್ಕದ್ದು.

ಷೇರುಪೇಟೆಯ ಕಡೆಯಿಂದಲೂ ಇಂತಹುದೇ ಒಂದು ಕಟ್ಟಳೆ ಬಂದಿದೆ. ಮಾರುಕಟ್ಟೆ ಮೌಲ್ಯದಲ್ಲಿ ಅಗ್ರಸ್ಥಾನದಲ್ಲಿರುವ 1000 ಕಂಪನಿಗಳು ತಮ್ಮಲ್ಲಿ ಉತ್ಪನ್ನವಾದ ಪ್ಲಾಸ್ಟಿಕ್ ತ್ಯಾಜ್ಯವು ಎಷ್ಟು ಟನ್ನೆಂಬುದನ್ನು 2022-23ರಿಂದ ವಾರ್ಷಿಕ ವರದಿಯಲ್ಲಿ ಪ್ರಕಟಿಸಲೇಬೇಕೆಂದು ಸೆಬಿಯು ವಿಧಿಸಿದೆ. ಆದರೆ ಕಾರ್ಖಾನೆಯ ಆವರಣದೊಳಗೆ ಹುಟ್ಟಿದ ತ್ಯಾಜ್ಯವೇ ಬೇರೆ, ಸರಕಿನೊಡನೆ ಊರೂರಿಗೆ ಹೋದ ಹೊದಿಕೆಯೇ ಬೇರೆ. ಮೊದಲನೆಯದರ ಅಂಕಿಯನ್ನು ಓದಿ ಎರಡನೆಯದನ್ನೂ ಅರಿತೆವೆಂದು ಭಾವಿಸುವ ಓದುಗನು ಮೋಸಹೋಗುವನು.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಕಂಪನಿಯು ತನ್ನದೇ ಪೊಟ್ಟಣಗಳನ್ನು ಹೆಕ್ಕಿ ತರಬೇಕೆಂಬ ನಿರ್ಬಂಧವಿಲ್ಲ. ದೇಶದ ಯಾವುದೋ ಮೂಲೆಯಲ್ಲಿ ಅದೇ ವರ್ಗದ ಪ್ಲಾಸ್ಟಿಕ್ಕನ್ನು ಸಂಸ್ಕರಿಸಿದವರಿಂದ ಪ್ರಮಾಣಪತ್ರವನ್ನು ಕೊಂಡರೆ ಹೊಣೆ ತೀರುವುದು. ಆದುದರಿಂದ ಚಿಗಳ್ಳಿಯಲ್ಲಿ ಮಾರಾಟವಾದ ಪೊಟ್ಟಣವು ಅಲ್ಲಿಯೇ ಬಿದ್ದಿರುವಾಗ, ಅದರ ಲೆಕ್ಕವು ದೂರದ ಗುಜರಾತಿನಲ್ಲಿ ಚುಕ್ತಾ ಆಗಿರಬಹುದು. ಆ ಪ್ರಮಾಣಪತ್ರಗಳಾದರೂ ನಂಬತಕ್ಕವೇ ಎಂದರೆ, 2023ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೇ ನಡೆಸಿದ ತಪಾಸಣೆಯಲ್ಲಿ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ನಾಲ್ಕು ಸಂಸ್ಕರಣಾ ಘಟಕಗಳು ಸುಮಾರು 6 ಲಕ್ಷ ಸುಳ್ಳು ಪ್ರಮಾಣಪತ್ರಗಳನ್ನು ಸೃಷ್ಟಿಸಿದ್ದುದು ಬೆಳಕಿಗೆ ಬಂದಿತು. ಲೆಕ್ಕ ಬರೆಯುವವನನ್ನೂ ಪರೀಕ್ಷಿಸುವವನನ್ನೂ ಬಿಟ್ಟು ಮೂರನೆಯವನ ದೃಷ್ಟಿಗೆ ಬೀಳದ ಖಾತೆಯು ಹೀಗೆ ಕೆಡುವುದರಲ್ಲಿ ಆಶ್ಚರ್ಯವಿಲ್ಲ.

ಆ ಮೂರನೆಯ ದೃಷ್ಟಿಯು ಕಸವನ್ನು ನಿತ್ಯವೂ ಕಾಣುವ ಗ್ರಾಮದ್ದಾಗಿರಬೇಕು. ಹೊದಿಕೆಯ ವಿವರಗಳನ್ನು ಕ್ಯೂಆರ್ ಕೋಡಿನ ಮೂಲಕ ನೀಡುವ ಅವಕಾಶವು 2025ರ ಜುಲೈ 1ರಿಂದ ದೊರೆತಿರುವುದರಿಂದ, ಪೊಟ್ಟಣವನ್ನು ಅದರ ಒಡೆಯನೊಡನೆ ಜೋಡಿಸುವುದು ಈಗ ದುಸ್ಸಾಧ್ಯವಲ್ಲ. ಯಾವ ಕಂಪನಿಯು ಯಾವ ತಾಲ್ಲೂಕಿಗೆ ಎಷ್ಟು ಪ್ಲಾಸ್ಟಿಕ್ಕನ್ನು ಕಳುಹಿತು, ಅಲ್ಲಿಂದ ಎಷ್ಟನ್ನು ಹಿಂದಕ್ಕೆ ಪಡೆಯಿತು ಎಂಬೆರಡು ಅಂಕಿಗಳು ಕನ್ನಡದಲ್ಲಿ ಪಂಚಾಯಿತಿಯ ಫಲಕಕ್ಕೆ ಬರಲಿ. ಅವುಗಳನ್ನು ಗ್ರಾಮಸಭೆಯಲ್ಲಿ ಕೇಳುವ ಅಧಿಕಾರ ಗ್ರಾಮಸ್ಥರದು. ಕೇಳುವವರಿಲ್ಲದೆಡೆ ಯಾವ ಕಂಪನಿಯೂ ತಾನಾಗಿ ಲೆಕ್ಕ ಒಪ್ಪಿಸದು.