ನೆರೆಹೊರೆಯವರು ಕೂಡಿ ಕೋಳಿಗಳನ್ನು ಕಾವಿಗೆ ಕೂರಿಸಿರಿ



ಹಿತ್ತಲಲ್ಲಿ ನಾಟಿ ಕೋಳಿ ಸಾಕುವವರಿಗೆಲ್ಲ ಈ ಅನುಭವ ಉಂಟು. ಹೇಟೆಯ ಕೆಳಗೆ ಹತ್ತು ಮೊಟ್ಟೆ ಇಡುತ್ತೇವೆ. ಏಳೆಂಟು ಮರಿಗಳು ಹೊರಬರುತ್ತವೆ. ಎರಡು ತಿಂಗಳು ಕಳೆಯುವ ಹೊತ್ತಿಗೆ ಎರಡೋ ಮೂರೋ ಉಳಿದಿರುತ್ತವೆ. ಹದ್ದು ಒಯ್ದಿತು, ರೋಗ ಬಡಿಯಿತು ಎಂದು ಸುಮ್ಮನಾಗುತ್ತೇವೆ. ಆ ಮರಿಗಳೊಡನೆ ಹೋಗುವುದು ಮನೆಯ ಹೆಂಗಸರ ಕೈಖರ್ಚಿನ ಹಣ. ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದಕ್ಕೆ ಅಕ್ಕಪಕ್ಕದ ಮೂರು ಮನೆಯವರು ಮಾತಾಡಿಕೊಂಡು ಒಂದೇ ದಿನ ತಮ್ಮ ಹೇಟೆಗಳನ್ನು ಕಾವಿಗೆ ಕೂರಿಸುವುದು ಒಳ್ಳೆಯ ಉಪಾಯ.

ಹೇಟೆ ಮತ್ತು ಮೊಟ್ಟೆ

ಕಾವು ಬಂದ ಹೇಟೆ ಗೂಡು ಬಿಟ್ಟು ಏಳುವುದಿಲ್ಲ. ಕೈ ಹಾಕಿದರೆ ಗರಿ ಕೆದರಿಕೊಂಡು ಕುಕ್ಕಲು ಬರುತ್ತದೆ. ಮೂರೂ ಹೇಟೆಗಳಿಗೆ ಒಂದೇ ದಿನ ಕಾವು ಬರಬೇಕೆಂದೇನೂ ಇಲ್ಲ. ಮೊದಲು ಬಂದದ್ದನ್ನು ಒಂದೆರಡು ಬೇಡದ ಮೊಟ್ಟೆಗಳ ಮೇಲೆ ಕೆಲವು ದಿನ ಕೂರಿಸಿಟ್ಟರೆ ಆಯಿತು. ಉಳಿದವು ಸಿದ್ಧವಾದ ಮೇಲೆ, ರಾತ್ರಿಯ ಹೊತ್ತು, ಒಳ್ಳೆಯ ಮೊಟ್ಟೆಗಳನ್ನು ಇಡಿ.

ಮೊಟ್ಟೆ ಇಟ್ಟು ಒಂದು ವಾರಕ್ಕಿಂತ ಹೆಚ್ಚಾಗಿರಬಾರದು; ಬೇಸಿಗೆಯಲ್ಲಿ ನಾಲ್ಕೈದು ದಿನ ಸಾಕು. ಕೂಡಿಡುವಾಗ ತಂಪಾದ ಜಾಗದಲ್ಲಿ ಚೂಪು ತುದಿ ಕೆಳಗಾಗಿ ಇರಿಸಿ. ತೊಳೆಯಬೇಡಿ. ಬಿರುಕು ಬಿಟ್ಟದ್ದು, ತೀರ ಸಣ್ಣದು, ತೀರ ದೊಡ್ಡದು ಬೇಡ. ಅಂಗಡಿಯ ಫಾರಂ ಮೊಟ್ಟೆಯಿಂದ ಮರಿ ಬಾರದು; ಆ ಕೋಳಿಗಳ ಜೊತೆ ಹುಂಜ ಇರುವುದಿಲ್ಲ. ಒಂದು ಹೇಟೆಗೆ ಹತ್ತು ಮೊಟ್ಟೆ ಸರಿ. ಪ್ರತಿ ಮನೆಯವರೂ ತಮ್ಮ ಮೊಟ್ಟೆಗೆ ಪೆನ್ಸಿಲಿನಿಂದ ಒಂದು ಗುರುತು ಹಾಕಿದರೆ ಮುಂದೆ ತಕರಾರಿಲ್ಲ.

ಬುಟ್ಟಿಯಲ್ಲಿ ಬೂದಿ, ಅದರ ಮೇಲೆ ಒಣಹುಲ್ಲು ಹಾಸಿ. ಹೇನು ಮುತ್ತಿದ ಹೇಟೆ ನಿಂತು ಕೂರದು. ಕೂರಿಸುವ ಮೊದಲೇ ಅದು ಬೂದಿಮಣ್ಣಿನಲ್ಲಿ ಹೊರಳಾಡಲಿ.

ಇಪ್ಪತ್ತೊಂದು ದಿನ

ಮರಿ ಬರಲು 21 ದಿನ ಬೇಕು. ಮೊಟ್ಟೆಗಳನ್ನು ಹೊರಳಿಸುವ ಕೆಲಸ ಹೇಟೆಯದೇ. ನಾವು ಹತ್ತಿರದಲ್ಲಿ ಕಾಳು, ನೀರು ಇಡಬೇಕು. ಅದು ದಿನಕ್ಕೊಮ್ಮೆ ಎದ್ದು ಹದಿನೈದು ಇಪ್ಪತ್ತು ನಿಮಿಷ ಮೇದು ಬರಲಿ. ಏಳದಿದ್ದರೆ ಮೆಲ್ಲಗೆ ಎತ್ತಿ ಕೆಳಗೆ ಬಿಡಿ.

ಏಳನೆಯ ರಾತ್ರಿ ಕತ್ತಲಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂತೆ ಕೆಂಪು ನರಗಳು ಕಂಡರೆ ಮರಿ ಬೆಳೆಯುತ್ತಿದೆ. ಬರಿದಾಗಿ ಕಂಡದ್ದನ್ನು ತೆಗೆದುಬಿಡಿ. ಮೂರು ಹೇಟೆಗಳಿಗೆ 30 ಮೊಟ್ಟೆ ಇಟ್ಟು 9 ಬರಿದಾದವು ಎನ್ನಿ. ಉಳಿದ 21ನ್ನು ಎರಡು ಹೇಟೆಗಳೇ ಕಾಯಬಲ್ಲವು. ಮೂರನೆಯದನ್ನು ಗಾಳಿಯಾಡುವ ಪಂಜರದಲ್ಲಿ, ಹುಲ್ಲು ಹಾಸದೆ, ಮೇವು ನೀರು ಕೊಟ್ಟು ಕೆಲವು ದಿನ ಇಟ್ಟರೆ ಕಾವು ಇಳಿದು ಬೇಗ ಮತ್ತೆ ಮೊಟ್ಟೆಗೆ ಬರುತ್ತದೆ.

18ನೆಯ ದಿನದಿಂದ ಹೇಟೆಯನ್ನು ಕದಲಿಸಬೇಡಿ. ಮರಿ ಒಡಕು ಮಾಡಿದ ಮೇಲೆ ಹೊರಬರಲು ಒಂದು ದಿನವೇ ಹಿಡಿಯಬಹುದು. ಅವಸರಪಟ್ಟು ಚಿಪ್ಪು ಸುಲಿದರೆ ರಕ್ತ ಸೋರಿ ಮರಿ ಸಾಯುತ್ತದೆ. ಇರುವೆ ಬಾರದಂತೆ ಮಾತ್ರ ನೋಡಿಕೊಳ್ಳಿ.

ಮರಿಗಳ ಪೋಷಣೆ

ಮೊದಲ ದಿನ ಮರಿಗೆ ಆಹಾರ ಬೇಡ. ಹಳದಿ ಭಂಡಾರ ಅದರ ಹೊಟ್ಟೆಯೊಳಗೇ ಇರುತ್ತದೆ. ಆಮೇಲೆ ಸಣ್ಣ ನುಚ್ಚು, ರಾಗಿ, ಗೆದ್ದಲು ಕೊಡಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಮರಿ ಮುಳುಗದು. ಮೊದಲ ಮೂರು ವಾರ ತಾಯಿಯೊಡನೆ ಮಂಕರಿಯ ಕೆಳಗೋ ಗೂಡಿನಲ್ಲೋ ಇರಲಿ. ಹದ್ದು, ಕಾಗೆ, ಬೆಕ್ಕುಗಳಿಗೆ ಹೆಚ್ಚು ಮರಿ ಸಿಗುವುದು ಈ ದಿನಗಳಲ್ಲೇ.

ಇನ್ನು ಕೊಕ್ಕರೆ ರೋಗ. ಇದು ಬಂದ ಮೇಲೆ ಮದ್ದಿಲ್ಲ. ಬಾರದಂತೆ ಲಸಿಕೆ ಉಂಟು. 5ರಿಂದ 7ನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೆಯ ವಾರ ಒಂದು ಚುಚ್ಚುಮದ್ದು. ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಳಿಗಾಗುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಏಳು ಮರಿಗಳಿಗಾಗಿ ಅದನ್ನು ಮಂಜುಗಡ್ಡೆಯಲ್ಲಿಟ್ಟು ಯಾರು ತಂದಾರು? ಕೇರಿಯ ಮರಿಗಳೆಲ್ಲ ಒಂದೇ ವಾರ ಹುಟ್ಟಿದ್ದರೆ ಒಂದು ಸೀಸೆಯಲ್ಲಿ ಎಲ್ಲಕ್ಕೂ ಹಾಕಿಸಬಹುದು. ಮೊಟ್ಟೆ ಇಟ್ಟ ವಾರದಲ್ಲೇ ಪಶು ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಕೊಳ್ಳಿ.

ಈ ಸಲ ನಿಮ್ಮ ಹೇಟೆಗೆ ಕಾವು ಬಂದಾಗ, ಮೊಟ್ಟೆ ಇಡುವ ಮುಂಚೆ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿರಿ.