ಹುದುಗಿನ ವಿದ್ಯೆಯಿಂದ ಔಷಧಿಯ ಉದ್ಯಮಕ್ಕೆ

ಮೈಸೂರಿನ ಯಾವ ಮನೆಗೇ ಹೋಗಿ ನೋಡಿದರೂ ರಾತ್ರಿಯ ವೇಳೆ ಅಡಿಗೆಮನೆಯ ಮೂಲೆಯಲ್ಲಿ ದೋಸೆಯ ಹಿಟ್ಟಿನ ಪಾತ್ರೆಯೊಂದು ಮುಚ್ಚಿಟ್ಟಿರುವುದು ಕಾಣುತ್ತದೆ. ಗೃಹಿಣಿಯು ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗಾಗಿ ಉಬ್ಬಿ ಪಾತ್ರೆಯ ಅಂಚನ್ನು ಮುಟ್ಟಿರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇರುಳೆಲ್ಲ ನಡೆಸಿದ ಕೆಲಸವಿದು. ನಾವಾದರೋ ‘ಹಿಟ್ಟು ಹುಳಿ ಬಂದಿತು’ ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಹುದುಗುವ ಕ್ರಿಯೆಯನ್ನೇ ಶಾಸ್ತ್ರೀಯವಾಗಿ ಅಭ್ಯಾಸಮಾಡಿ, ಅದರ ಬಲದಿಂದ ದೊಡ್ಡದೊಂದು ಔಷಧಿಯ ಉದ್ಯಮವನ್ನು ಕಟ್ಟಿದ ಮಹಿಳೆಯೊಬ್ಬರ ಚರಿತ್ರೆಯನ್ನು ಈ ಸಲ ವಾಚಕರ ಮುಂದೆ ಇಡುತ್ತೇವೆ.

ನಮ್ಮ ಸೀಮೆಗೆ ಔಷಧಿಯ ಉದ್ಯಮವು ಹೊಸದಲ್ಲ. ಸಮೀಪದ ನಂಜನಗೂಡಿನಲ್ಲಿ ಬಿ. ವಿ. ಪಂಡಿತರು ೧೯೧೩ರಲ್ಲಿಯೇ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಯ ಹಲ್ಲಿನ ಪುಡಿಯನ್ನು ಅರಿಯದ ಮನೆ ಈ ಕಡೆ ಅಪರೂಪ. ಆದರೆ ಬೇರು, ನಾರು, ಚಕ್ಕೆಗಳನ್ನು ಕುಟ್ಟಿ ಶೋಧಿಸುವ ವಿದ್ಯೆಯೊಂದು. ಸೂಕ್ಷ್ಮಜೀವಿಯಿಂದಲೇ ಔಷಧಿಯನ್ನು ಮಾಡಿಸುವ ವಿದ್ಯೆ ಮತ್ತೊಂದು. ಈ ಎರಡನೆಯದನ್ನು ಕೈಗೊಂಡವರು ಬೆಂಗಳೂರಿನ ಶ್ರೀಮತಿ ಕಿರಣ್ ಮಜುಂದಾರ್ ಷಾ ಅವರು.

ಇವರು ಜನಿಸಿದ್ದು ೧೯೫೩ನೆಯ ಇಸವಿ ಮಾರ್ಚಿ ೨೩ರಂದು, ಬೆಂಗಳೂರಿನಲ್ಲಿ. ತಂದೆ ರಸೇಂದ್ರ ಮಜುಂದಾರರು ಯುನೈಟೆಡ್ ಬ್ರೂವರೀಸ್ ಕಂಪೆನಿಯಲ್ಲಿ ಬಿಯರು ತಯಾರಿಸುವ ಮುಖ್ಯ ತಜ್ಞರಾಗಿದ್ದರು. ಮಗಳಿಗೆ ವೈದ್ಯೆಯಾಗಬೇಕೆಂಬ ಆಸೆ, ಅದು ಕೈಗೂಡಲಿಲ್ಲ. ೧೯೭೩ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದ ಬಳಿಕ, ಹುದುಗಿನ ಶಾಸ್ತ್ರವನ್ನು ಕಲಿಯುವಂತೆ ತಂದೆಯವರೇ ಸೂಚಿಸಿದರು. ಮದ್ಯ ತಯಾರಿಸುವ ವಿದ್ಯೆ ಹೆಣ್ಣುಮಗಳಿಗೇಕೆ ಎಂದು ಹುಬ್ಬೇರಿಸುವ ಹಿರಿಯರು ನಮ್ಮ ವಾಚಕರಲ್ಲಿಯೂ ಇರಬಹುದು. ಅಂಥವರು ಈ ಕಥೆಯನ್ನು ಕೊನೆಯವರೆಗೆ ಓದಬೇಕೆಂದು ನಮ್ಮ ಪ್ರಾರ್ಥನೆ. ಆಸ್ಟ್ರೇಲಿಯಾದ ಬ್ಯಾಲರಟ್ ಪಟ್ಟಣದ ಕಾಲೇಜಿನಲ್ಲಿ ಆ ತರಗತಿಗೆ ಸೇರಿದ ಸ್ತ್ರೀ ಇವರೊಬ್ಬರೇ. ತರಗತಿಗೆ ಮೊದಲಿಗರಾಗಿ ತೇರ್ಗಡೆಯಾದವರೂ ಇವರೇ.

ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಕಲ್ಕತ್ತೆ, ಬರೋಡಾಗಳಲ್ಲಿ ಕೆಲವು ಕಾಲ ಕೆಲಸಮಾಡಿದರು. ಆದರೆ ಕಾರ್ಖಾನೆಯೊಂದರ ಮುಖ್ಯ ಸ್ಥಾನವನ್ನು ಹೆಂಗಸಿಗೆ ಒಪ್ಪಿಸಲು ಯಾರೂ ಮುಂದೆ ಬರಲಿಲ್ಲ. ಆ ಸಂದರ್ಭದಲ್ಲಿಯೇ ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಬಯೋಕಾನ್ ಎಂಬ ಕಂಪೆನಿಯನ್ನು ನಡೆಸುತ್ತಿದ್ದ ಲೆಸ್ಲಿ ಆಕಿನ್‌ಕ್ಲಾಸ್ ಎಂಬವರ ಪರಿಚಯವಾಯಿತು. ಅವರ ಸಹಭಾಗಿತ್ವದಲ್ಲಿ ೧೯೭೮ರಲ್ಲಿ ಬಯೋಕಾನ್ ಇಂಡಿಯಾ ಹುಟ್ಟಿತು. ಮೂಲಧನ ಹತ್ತು ಸಾವಿರ ರೂಪಾಯಿ. ಕಚೇರಿ, ಬೆಂಗಳೂರಿನ ಬಾಡಿಗೆ ಮನೆಯೊಂದರ ಕಾರು ನಿಲ್ಲಿಸುವ ಕೊಠಡಿ. ಮೊದಲನೆಯ ನೌಕರ, ನಿವೃತ್ತನಾದ ಒಬ್ಬ ಮೆಕ್ಯಾನಿಕ್. ಇಪ್ಪತ್ತೈದರ ಹರೆಯದ ಹೆಂಗಸು, ಕೇಳರಿಯದ ವ್ಯಾಪಾರ! ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಹೆಂಗಸಿನ ಕೈಕೆಳಗೆ ದುಡಿಯಲು ಜನರು ಸಿಕ್ಕುವುದೂ ಕಷ್ಟವಾಯಿತು.

ಮೊದಲು ತಯಾರಾದದ್ದು ಪಪೇನ್ ಎಂಬ ಕಿಣ್ವ. ಎಳೆಯ ಪರಂಗಿಕಾಯಿಯನ್ನು ಗೀರಿದರೆ ಒಸರುವ ಹಾಲಿನಿಂದ ಇದು ದೊರೆಯುತ್ತದೆ. ಗಟ್ಟಿ ಮಾಂಸವನ್ನು ಮೆತ್ತಗೆ ಮಾಡುವುದಕ್ಕೂ ಬಿಯರಿನ ಮಬ್ಬನ್ನು ತಿಳಿಗೊಳಿಸುವುದಕ್ಕೂ ಇದರ ಉಪಯೋಗ. ಒಂದೇ ವರ್ಷದೊಳಗೆ ಈ ಸರಕು ಅಮೆರಿಕಕ್ಕೂ ಯೂರೋಪಿಗೂ ರಫ್ತಾಗತೊಡಗಿತು.

ಐರಿಷ್ ಕಂಪೆನಿಯನ್ನು ೧೯೮೯ರಲ್ಲಿ ಯೂನಿಲಿವರ್ ಸಂಸ್ಥೆಯವರು ಕೊಂಡರು. ಮುಂದೆ ೧೯೯೮ರಲ್ಲಿ ಕಿರಣ್ ಅವರ ಕೈಹಿಡಿದ ಜಾನ್ ಷಾ ಅವರು ಇಪ್ಪತ್ತು ಲಕ್ಷ ಡಾಲರುಗಳನ್ನು ಹೊಂದಿಸಿ ಪರರ ಪಾಲನ್ನು ಹಿಂದಕ್ಕೆ ಕೊಂಡರು. ಆ ವೇಳೆಗೆ ಕಿಣ್ವದಿಂದ ಔಷಧಿಯ ಕಡೆಗೆ ದೃಷ್ಟಿ ಹೊರಳಿತ್ತು.

ಇಲ್ಲಿ ಇನ್ಸುಲಿನ್ನಿನ ವಿಷಯವನ್ನು ಸ್ವಲ್ಪ ವಿವರಿಸಬೇಕು. ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ೧೯೨೧ರಲ್ಲಿ ಇದನ್ನು ಕಂಡುಹಿಡಿದರು. ಬಹುಕಾಲ ಇದನ್ನು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯಬೇಕಾಗಿತ್ತು. ೧೯೭೮ರಲ್ಲಿ, ಎಂದರೆ ಬಯೋಕಾನ್ ಇಂಡಿಯಾ ಹುಟ್ಟಿದ ವರ್ಷದಲ್ಲಿಯೇ, ಅಮೆರಿಕದ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಸೂಕ್ಷ್ಮಜೀವಿಯಲ್ಲಿ ಸೇರಿಸಿ ಅದರಿಂದಲೇ ಇನ್ಸುಲಿನ್ನನ್ನು ಮಾಡಿಸಿದರು. ಬಯೋಕಾನಿನವರು ಪಿಚಿಯಾ ಎಂಬ ಯೀಸ್ಟಿನಿಂದ ಇದೇ ಕೆಲಸವನ್ನು ಸಾಧಿಸಿ, ೨೦೦೪ರಲ್ಲಿ ಇನ್ಸುಜೆನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ಉಕ್ಕಿನ ಹಂಡೆಗಳಲ್ಲಿ ಯೀಸ್ಟನ್ನು ಹದವರಿತು ಬೆಳೆಸುವ ಈ ಕೌಶಲವು ಬ್ಯಾಲರಟ್ಟಿನಲ್ಲಿ ಕಲಿತ ವಿದ್ಯೆಯ ಮುಂದುವರಿಕೆಯೇ ಅಲ್ಲವೆ?

ಸೋಲೂ ಬಂದಿತು. ಚುಚ್ಚಿಕೊಳ್ಳುವ ಬಾಧೆಯಿಲ್ಲದೆ ನುಂಗುವ ಇನ್ಸುಲಿನ್ ಗುಳಿಗೆಗಾಗಿ ಬಹುಕಾಲ ಶ್ರಮಿಸಿದ್ದರು. ೨೦೧೧ರಲ್ಲಿ ಹೊರಬಿದ್ದ ಪರೀಕ್ಷೆಯ ಫಲವು ನಿರೀಕ್ಷೆಗೆ ತಕ್ಕಂತಿರಲಿಲ್ಲ. ಆದರೂ ಉದ್ಯೋಗ ನಿಲ್ಲಲಿಲ್ಲ. ಸ್ತನದ ಏಡಿಗಂತಿಗೆ ಬಳಸುವ ಟ್ರಾಸ್ಟುಜುಮಾಬ್ ಔಷಧಿಗೆ ಸರಿಸಾಟಿಯಾದುದನ್ನು ತಯಾರಿಸಿದರು. ೨೦೧೭ರಲ್ಲಿ ಅಮೆರಿಕದ ಸರಕಾರಿ ಇಲಾಖೆಯು ಅದಕ್ಕೆ ಒಪ್ಪಿಗೆಯಿತ್ತಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಮಾನವ ಇನ್ಸುಲಿನ್ನನ್ನು ದಿನವೊಂದಕ್ಕೆ ಹತ್ತು ಅಮೆರಿಕನ್ ಸೆಂಟುಗಳಿಗಿಂತ ಕಡಮೆ ಬೆಲೆಗೆ ಒದಗಿಸುವುದಾಗಿ ೨೦೧೯ರಲ್ಲಿ ಪ್ರಕಟಿಸಿದರು. ಸರಕಾರವು ಇವರಿಗೆ ೧೯೮೯ರಲ್ಲಿ ಪದ್ಮಶ್ರೀ, ೨೦೦೫ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ಕೊಟ್ಟು ಗೌರವಿಸಿತು.

ಸಕ್ಕರೆ ಕಾಯಿಲೆಯ ಮನೆಯಲ್ಲಿ ಇನ್ಸುಲಿನ್ನಿನ ಬೆಲೆಯೆಂದರೇನು ಎಂಬುದು ಯಜಮಾನನಿಗೆ ಗೊತ್ತು. ತಿಂಗಳ ಲೆಕ್ಕದಲ್ಲಿ ಅಕ್ಕಿ, ಹಾಲು, ಮಕ್ಕಳ ಫೀಜು ಇವುಗಳ ಪಕ್ಕದಲ್ಲಿ ಅದೂ ಒಂದು ಸಾಲು; ಉಳಿದವನ್ನು ಮೊಟಕುಮಾಡಬಹುದು, ಅದನ್ನು ಮಾಡಲಾಗದು. ಆ ಸಾಲಿನ ಅಂಕೆಯನ್ನು ಒಂದಿಷ್ಟು ಇಳಿಸಿದವರೂ ಒಂದು ಬಗೆಯ ವೈದ್ಯರೇ ಎಂದು ನಾವು ಭಾವಿಸುತ್ತೇವೆ.

ಪ್ರತಿವರ್ಷವೂ ಪರೀಕ್ಷೆಯ ಫಲಿತಾಂಶ ಬಂದಾಗ ವೈದ್ಯಕೀಯ ಕಾಲೇಜಿನಲ್ಲಿ ಸ್ಥಳ ಸಿಕ್ಕಲಿಲ್ಲವೆಂದು ಅಳುವ ಹೆಣ್ಣುಮಕ್ಕಳು ನಮ್ಮ ಬೀದಿಗಳಲ್ಲಿ ಎಷ್ಟಿಲ್ಲ! ಅಂಥ ಮಗಳು ಮನೆಯಲ್ಲಿದ್ದರೆ ತಂದೆತಾಯಿಗಳು ಆಕೆಯನ್ನು ಹಳಿಯದೆ, ಒಂದು ಸಂಜೆ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಈ ಕಥೆಯನ್ನು ಓದಿ ಹೇಳಲಿ. ರಸೇಂದ್ರ ಮಜುಂದಾರರು ಮಗಳಿಗೆ ತೋರಿಸಿದಂತೆ, ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಬೇರೊಂದು ಬಾಗಿಲನ್ನು ತೋರಿಸುವ ಕೆಲಸ ಹಿರಿಯರದೇ ಆಗಿದೆ.